ಡಬ್ಬಕ್ಕೆ ಕೊಡೆ ಹೊಲಿದ ಭಾನು

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಮೊದಲ ಬಸ್ಸಿನ ಕಂಡಕ್ಟರ್ ಇನ್ನೂ ಟೀ ಕುಡಿಯುತ್ತಿರುವ ಹೊತ್ತು. ಊಟಿ ರಸ್ತೆಗೆ ಬೆನ್ನು ಮಾಡಿಕೊಂಡ ಚಿಕ್ಕ ಮನೆಯೊಂದರ ಒಳಕೋಣೆಯಲ್ಲಿ ಭಾನು ಆಗಲೇ ಮೇಜಿನ ದೀಪ ಹಾಕಿಕೊಂಡು ಕೂತಿದ್ದಾರೆ. ಮುಂದೆ ಅಂಗೈಗಿಂತ ತುಸು ದೊಡ್ಡದಾದ ಅಲ್ಯೂಮಿನಿಯಂ ಡಬ್ಬ. ಅದರ ಅಂಚಿಗೆ ಮೆತ್ತಿರುವ ಗಟ್ಟಿ ಗೋಂದನ್ನು ಕೂದಲು ಒಣಗಿಸುವ ಮಿಷನ್ನಿನ ಬಿಸಿಗಾಳಿಯಲ್ಲಿ ಮೆತ್ತಗೆ ಮಾಡಿ, ಅಡುಗೆಮನೆಯ ತೆಳು ಚಾಕುವಿನಿಂದ ಮುಚ್ಚಳ ಎಬ್ಬಿಸುತ್ತಾರೆ. ಅವಸರವೇ ಇಲ್ಲ. ಕಾವಲಿಗೆ ಹತ್ತಿಕೊಂಡ ದೋಸೆಯನ್ನು ಬಿಡಿಸುವ ಹಾಗೆ, ಅಂಚಿನಿಂದ ಒಳಕ್ಕೆ ಸ್ವಲ್ಪ ಸ್ವಲ್ಪವೇ. ಮುಚ್ಚಳ ಬಿಟ್ಟುಕೊಂಡ ಮೇಲೆ ಭೂತಗನ್ನಡಿಯನ್ನು ಕಣ್ಣಿಗೆ ಹತ್ತಿರ ತಂದು, ಒಳಗಿನ ಹಸಿರು ಬೋರ್ಡಿನ ಮೇಲೆ ಬಾಗುತ್ತಾರೆ.

"ಬೆಳಗ್ಗೆ ಕರೆಂಟು ಚೆನ್ನಾಗಿರ್ತದ. ಆಮೇಲೆ ಊರೆಲ್ಲ ಪಂಪ್‌ಸೆಟ್ಟು ಶುರು ಮಾಡ್ತವ, ಬೆಸುಗೆ ಕಡ್ಡಿ ಒಂದ್ಗಳಿಗ ಕಾಯ್ತದ, ಒಂದ್ಗಳಿಗ ತಣ್ಗಾಯ್ತದ. ಕೈಯೂ ಅಷ್ಟೇಯ, ಬೆಳಗ್ಗೆ ನಡುಗಲ್ಲ," ಎನ್ನುತ್ತಾರೆ, ಕಣ್ಣು ಎತ್ತದೆ.

ಡಬ್ಬ ಕೇರಳದ ಕಡೆಯ ಒಂದು ಹಳೆಯ ಕಾರಿನದು. ಘಟ್ಟ ಹತ್ತಿ ಬಂದು ಬಿಸಿಯಾದ ಮೇಲೆ ಗಾಡಿ ನಿಂತುಬಿಡುತ್ತದೆ, ಅರ್ಧ ಗಂಟೆ ಬಿಟ್ಟರೆ ಏನೂ ಆಗಿಯೇ ಇಲ್ಲವೆನ್ನುವಂತೆ ಹೊರಡುತ್ತದೆ. ಭಾನು ಬೋರ್ಡಿಗೆ ಕರೆಂಟು ಕೊಟ್ಟು, ಅದೇ ಬಿಸಿಗಾಳಿಯನ್ನು ಒಂದೊಂದು ಮೂಲೆಗೂ ಹಿಡಿಯುತ್ತಾ ಹೋಗುತ್ತಾರೆ. ಒಂದು ಮೂಲೆ ಕಾದಾಗ ಮೀಟರಿನ ಮುಳ್ಳು ತಟ್ಟನೆ ಬೀಳುತ್ತದೆ. ಅಲ್ಲಿ, ಕೂದಲೆಳೆಗಿಂತ ಸಣ್ಣದಾಗಿ, ಬೆಸುಗೆ ಬಿರುಕು ಬಿಟ್ಟಿದೆ. "ಸಿಕ್ತು ನೋಡು," ಎಂದು ತಮಗೆ ತಾವೇ ಹೇಳಿಕೊಂಡು ಮುಗುಳ್ನಗುತ್ತಾರೆ.

ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಬಿಡಬೇಕು, ಯಾವ ಕ್ಷಣಕ್ಕೆ ಕಿಡಿ ಹಾರಿಸಬೇಕು ಎಂದು ಲೆಕ್ಕ ಹಾಕಿ ಅಪ್ಪಣೆ ಕೊಡುವ ಡಬ್ಬ ಇದು. ಕಂಪನಿಯವರ ಬಾಯಲ್ಲಿ ಇಸಿಎಂ, ಗ್ಯಾರೇಜಿನವರ ಬಾಯಲ್ಲಿ ಬರೀ ಡಬ್ಬ. ಭಾನು ಅವರ ಅತ್ತೆ ಮೂಗಮ್ಮ ಮಾತ್ರ ಇದನ್ನು ಕಾರಿನ ಮಿದುಳು ಎನ್ನುತ್ತಾರೆ, ರಾಗಿ ಡಬ್ಬಿಯ ಪಕ್ಕದ ಹಲಗೆಯ ಮೇಲೆ ಸಾಲಾಗಿ ಕೂತಿರುವ ಮಿದುಳುಗಳ ಧೂಳನ್ನು ದಿನಾ ಒರೆಸುತ್ತಾರೆ. ಹೊಸ ಕಾರಿನ ಡಬ್ಬ ಕೆಟ್ಟರೆ ಷೋರೂಮಿನವರು ಬೇರೆಯದನ್ನೇ ಹಾಕಿಬಿಡುತ್ತಾರೆ. ಹಳೆಯ ಕಾರಿನವರಿಗೆ ಆ ಭಾಗ್ಯವಿಲ್ಲ. ಕಂಪನಿ ಆ ಮಾದರಿಯನ್ನೇ ನಿಲ್ಲಿಸಿರುತ್ತದೆ, ಡಬ್ಬ ಎಲ್ಲಿಯೂ ಸಿಗುವುದಿಲ್ಲ. ಅಂಥ ಕಾರು ಗುಜರಿಗೆ ಹೋಗುವ ಮುಂಚೆ ಕೊನೆಯದಾಗಿ ಬಂದು ನಿಲ್ಲುವ ಬಾಗಿಲು ಈ ಮನೆಯದು. ದಿನಕ್ಕೆ ಒಂದೋ ಎರಡೋ ಡಬ್ಬ ಬರುತ್ತವೆ, ಕೆಲವು ದಿನ ಒಂದೂ ಇಲ್ಲ. ಬಂದವುಗಳಲ್ಲಿ ಅರ್ಧಕ್ಕರ್ಧ ಮತ್ತೆ ರಸ್ತೆಗಿಳಿಯುತ್ತವೆ. ಉಳಿದವನ್ನು ಭಾನು ಬೇಸರದಿಂದಲೇ ವಾಪಸು ಕಳಿಸುತ್ತಾರೆ.

ಆದರೆ ಹೋದ ಬೇಸಿಗೆಗೆ ಮುಂಚೆ ಬಂದ ಕಾರುಗಳ ಒಡೆಯರನ್ನು ಹೋಗಿ ಕೇಳಿ, ಭಾನು ಎಂಬ ಹೆಸರನ್ನೇ ಅವರು ಕೇಳಿರುವುದಿಲ್ಲ. ಅವರಿಗೆ ಗೊತ್ತಿರುವುದು ಮನೆಯ ಮುಂಭಾಗದ ಕಾರು ವೈರಿಂಗ್ ಅಂಗಡಿಯಲ್ಲಿ ವೈರು ಸುತ್ತಿಕೊಂಡು ನಿಂತಿರುವ ಅವರ ಗಂಡ ಮಲ್ಲಿಕಾರ್ಜುನಸ್ವಾಮಿ ಮಾತ್ರ. ಡಬ್ಬ ರಿಪೇರಿ ಎಲ್ಲಿ ಮಾಡಿಸಿದಿರಿ ಎಂದು ಕೇಳಿದರೆ, "ಮೈಸೂರಿಗೆ ಕಳಿಸಿದ್ದರು" ಎನ್ನುತ್ತಾರೆ. ಅದಕ್ಕೊಂದು ಕತೆಯಿದೆ.

ಭಾನು ಹುಟ್ಟಿದ್ದು ಚಾಮರಾಜನಗರದ ಪಕ್ಕದ ಹರದನಹಳ್ಳಿಯಲ್ಲಿ. ಅಪ್ಪ ಮಾದಣ್ಣ ಕೂಲಿ ಆಳು. ಅರಿಶಿನದ ಕಳೆಗೆ, ಅರಿಶಿನ ಕೀಳುವುದಕ್ಕೆ, ಬೇಯಿಸುವುದಕ್ಕೆ ಎಂದು ಸುತ್ತಲ ಊರುಗಳನ್ನೆಲ್ಲ ತಿರುಗಿದವರು. ರಜೆ ಬಂದರೆ ಮಗಳೂ ಜೊತೆಗೆ ಹೋಗುತ್ತಿದ್ದಳು. ಕೆಲಸಕ್ಕೆ ಹೋದ ಒಂದು ಊರಿನ ಟೀ ಅಂಗಡಿಯಲ್ಲಿ ಅಪ್ಪನ ಲೋಟ ಬೇರೆಯೇ ಇತ್ತು, ಹೊರಗಿನ ಗೋಡೆಯ ಗೂಡಿನಲ್ಲಿ. ಕುಡಿದು, ತಾನೇ ತೊಳೆದು, ಅಲ್ಲಿಯೇ ಮಗುಚಿ ಇಡಬೇಕಿತ್ತು. "ಅಪ್ಪ ಅದ ಬಾಳ ಚೆಂದಾಗಿ ತೊಳಿತಿತ್ತು. ಪಳಪಳ ಅನ್ನಂಗ. ನಂಗ ಅದೇ ಜಾಸ್ತಿ ಸಂಕಟ ಆಗದು," ಎನ್ನುವಾಗ ಭಾನು ಅವರ ಧ್ವನಿ ಏರುವುದಿಲ್ಲ. ಹೇಳಿ ಮುಗಿಸಿ ಬೆಸುಗೆ ಕಡ್ಡಿಯ ತುದಿಯನ್ನು ಒದ್ದೆ ಬಟ್ಟೆಗೆ ಒರೆಸುತ್ತಾರೆ.

ಮಗಳನ್ನು ಅರಿಶಿನದ ಹೊಲಕ್ಕೆ ಬಿಡಬಾರದೆಂದು ಮಾದಣ್ಣ ಹಟ ಹಿಡಿದು ಐಟಿಐಗೆ ಸೇರಿಸಿದರು. ಎಲೆಕ್ಟ್ರಾನಿಕ್ಸ್ ಓದಿದ ಹುಡುಗಿ ಮೈಸೂರಿನ ಕಾರ್ಖಾನೆಯೊಂದರಲ್ಲಿ ಕರೆಂಟ್ ಮೀಟರಿನ ಬೋರ್ಡುಗಳಿಗೆ ಬೆಸುಗೆ ಹಾಕುತ್ತಾ ಹಲವು ವರ್ಷ ಕಳೆದಳು. ತಮ್ಮ ಜನರಲ್ಲೇ ಮದುವೆಯಾಗಿ ಗುಂಡ್ಲುಪೇಟೆಗೆ ಬಂದ ಮೇಲೆ ಬೆಸುಗೆ ಕಡ್ಡಿ ಟ್ರಂಕಿನ ತಳ ಸೇರಿತು. ಅದು ಹೊರಗೆ ಬಂದದ್ದು ಒಂದು ಕಾರಿನ ದೆಸೆಯಿಂದ. ಮಲ್ಲಿಕಾರ್ಜುನಸ್ವಾಮಿ ಎಲ್ಲ ವೈರು ನೋಡಿ, ಎಲ್ಲ ಫ್ಯೂಸು ನೋಡಿ, ಕೈಚೆಲ್ಲಿ, ಡಬ್ಬವನ್ನು ತಂದು ಮನೆಯ ಜಗಲಿಯ ಮೇಲಿಟ್ಟಿದ್ದರು. ಸೊಪ್ಪು ಬಿಡಿಸುತ್ತಿದ್ದ ಭಾನು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಬಿಚ್ಚಿ ನೋಡ್ಲಾ?" ಎಂದರು.

"ಬಿಚ್ಚು ಅಂದೆ. ಹೆಂಗೂ ಸತ್ತೋಗಿದ್ದ ಡಬ್ಬ ಅಲ್ವಾ?" ಎಂದು ನಗುತ್ತಾರೆ ಮಲ್ಲಿಕಾರ್ಜುನಸ್ವಾಮಿ. "ಸಂಜಿಗ ಕಾರು ಸ್ಟಾರ್ಟ್ ಆಗೋಯ್ತು. ಆ ಗಿರಾಕಿ ಯಾರು ಮಾಡ್ದೋರು ಅಂತ ಕೇಳ್ದ. ನನ್ ಹೆಂಡ್ತಿ ಅಂದ್ರ ನಂಬ್ತನಾ? ಮನೆ ಹೆಂಗ್ಸಿನ ಕೈಲಿ ಕೊಟ್ಟು ಕೆಡಿಸ್ಬುಟ್ಟ ಅಂತ ಊರೆಲ್ಲ ಸಾರ್ಕೊಂಡು ಬತ್ತನ. ಮೈಸೂರಿಗ ಕಳ್ಸಿದ್ದೆ ಅಂದ್ಬುಟ್ಟೆ."

ಒಂದು ಸಲ ಹೇಳಿದ ಸುಳ್ಳು ಹಾಗೆಯೇ ಮನೆಯಲ್ಲಿ ಊರಿಕೊಂಡಿತು. ಒಳಕೋಣೆಗೆ ಮೈಸೂರು ಎಂದೇ ಹೆಸರಾಯಿತು. ಯಾರಾದರೂ ಭಾನು ಎಲ್ಲಿ ಎಂದು ಕೇಳಿದರೆ ಮೂಗಮ್ಮ ಗಂಭೀರವಾಗಿ, "ಮೈಸೂರಲ್ಲವಳ, ಈಗ ಬತ್ತಳ," ಎನ್ನುತ್ತಿದ್ದರು. ನಗುವಿಗೇನೋ ಕೊರತೆಯಿರಲಿಲ್ಲ. ಆದರೂ ಅಂಗಡಿಗೂ ಕೋಣೆಗೂ ನಡುವೆ ಒಂದು ಹೂವಿನ ಪರದೆ ಬಂತು. ಪರದೆಯ ಆಚೆ ಗಿರಾಕಿಗಳು ಮೈಸೂರಿನವರ ಕೈಚಳಕವನ್ನು ಹೊಗಳುವುದನ್ನು ಈಚೆ ಕೂತ ಭಾನು ವರ್ಷಗಟ್ಟಲೆ ಕೇಳಿಸಿಕೊಂಡರು. "ಹೊಗಳದು ಬುಡಿ, ಬೈದ್ರೂ ಅಲ್ಲೇ ಕೇಳುಸ್ಕೋಬೇಕಲ್ಲ. ಎದ್ದೋಗಿ ಇಂಗಲ್ಲ ಕಣ್ರೀ ಅಂಗೆ ಅನ್ನಂಗಿಲ್ಲ," ಎನ್ನುತ್ತಾರೆ.

ಪರದೆಯಿಂದ ಇನ್ನೂ ಒಂದು ತೊಂದರೆಯಿತ್ತು. ಡಬ್ಬಗಳು ಮಾತ್ರ ಒಳಗೆ ಬರುತ್ತಿದ್ದವು, ಕಾರುಗಳು ಬರುತ್ತಿರಲಿಲ್ಲ. ರೋಗಿಯನ್ನು ಕಾಣದೆ ರಕ್ತ ಪರೀಕ್ಷೆ ಮಾಡುವವರ ಕೆಲಸ ಅದು. ಡಬ್ಬದಲ್ಲಿ ದೋಷವಿದ್ದರೆ ಸಿಗುತ್ತಿತ್ತು. ದೋಷ ಡಬ್ಬದ ಹೊರಗಿದ್ದರೆ?

ಹೋದ ಬೇಸಿಗೆಯಲ್ಲಿ ತೆರಕಣಾಂಬಿಯ ಪುಟ್ಟಮಲ್ಲಪ್ಪನವರ ಕಾರಿನ ಡಬ್ಬ ಬಂದದ್ದು ಹೀಗೆಯೇ, ಒಂಟಿಯಾಗಿ. ಪುಟ್ಟಮಲ್ಲಪ್ಪ ಜಮೀನಿರುವ ಜನ. ಮನೆಯ ತುಂಬ ತಮ್ಮಂದಿರು, ಅವರ ಮಕ್ಕಳು, ಅಂಗಳದಲ್ಲಿ ಹೊಸ ಗಾಡಿಗಳೂ ಇವೆ. ಆದರೆ ಅವರ ಹೆಂಡತಿ ಪುಟ್ಟಮಲ್ಲಮ್ಮನಿಗೆ ಮೂತ್ರಪಿಂಡ ಕೈಕೊಟ್ಟು ವಾರಕ್ಕೆ ಮೂರು ದಿನ ಚಾಮರಾಜನಗರಕ್ಕೆ ಡಯಾಲಿಸಿಸ್ಸಿಗೆ ಹೋಗಬೇಕು. ಆಕೆ ಹೋಗುವುದು ಗಂಡನ ಹಳೆಯ ಬಿಳಿ ಕಾರಿನಲ್ಲಿ ಮಾತ್ರ. ಅದರ ಸೀಟು ತಗ್ಗಾಗಿದೆ, ಇಳಿಯುವಾಗ ಕಾಲು ನೆಲಕ್ಕೆ ಎಟಕುತ್ತದೆ. ಅದಕ್ಕಿಂತ ಹೆಚ್ಚಾಗಿ, ಗಂಡ ಓಡಿಸಿದರೆ ಹೊಟ್ಟೆ ತೊಳಸುವುದಿಲ್ಲ ಎಂಬುದು ಆಕೆಯ ಮಾತು.

ಆ ಕಾರು ದಾರಿಯಲ್ಲಿ ಎಂಜಿನ್ ಲೈಟು ಹತ್ತಿಸಿಕೊಂಡು, ಕೆಮ್ಮಿ ಕೆಮ್ಮಿ ನಿಂತುಬಿಡತೊಡಗಿತು. ಒಂದಿಷ್ಟು ಹೊತ್ತು ಬಿಸಿಲಲ್ಲಿ ನಿಂತರೆ ತಾನಾಗಿಯೇ ಸರಿಹೋಗುತ್ತಿತ್ತು, ಗ್ಯಾರೇಜಿಗೆ ಬಂದಾಗ ಕುದುರೆಯ ಹಾಗೆ ಓಡುತ್ತಿತ್ತು. ಚಾಮರಾಜನಗರದ ಮೆಕ್ಯಾನಿಕ್ ಕಿರಣ್ ಕುಮಾರ್ ಸ್ಕ್ಯಾನರ್ ಹಾಕಿ ನೋಡಿದರೆ ಒಂದೊಂದು ಸಲಕ್ಕೆ ಒಂದೊಂದು ದೋಷ ತೋರಿಸುತ್ತಿತ್ತು. ಒಳ್ಳೆಯ ಕೆಲಸಗಾರನೇ ಆತ. ಇದು ಡಬ್ಬವೇ ಹೋಗಿರುವ ಲಕ್ಷಣ, ಎಲ್ಲಾದರೂ ಹಳೆಯದು ಸಿಕ್ಕರೆ ಹುಡುಕಿ, ಇಲ್ಲವೆಂದರೆ ಕಾರನ್ನು ಕೊಟ್ಟುಬಿಡಿ ಎಂದ.

ಭಾನು ಡಬ್ಬ ಬಿಚ್ಚಿ ನೋಡಿದರು. ಬೋರ್ಡು ಚೆನ್ನಾಗಿತ್ತು. ವೈರುಗಳ ಕಪ್ಲರ್ ಬಂದು ಕೂರುವ ಪಿನ್ನುಗಳ ಮೇಲೆ ಮಾತ್ರ, ಹಿತ್ತಾಳೆ ಚೊಂಬಿಗೆ ಹಿಡಿಯುವಂತೆ, ಹಸಿರು ಕಿಲುಬು. ಅದನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಸ್ಪಿರಿಟ್ಟಿನಲ್ಲಿ ತೊಳೆದು ಒಣಗಿಸಿ, ಡಬ್ಬ ಚೆನ್ನಾಗಿದೆ ಎಂದು ಹೇಳಿ ಕಳಿಸಿದರು. ಸ್ವಲ್ಪ ದಿನಕ್ಕೆ ಅದೇ ಡಬ್ಬ ವಾಪಸು ಬಂತು, ಅದೇ ಕಿಲುಬು ಹೊತ್ತುಕೊಂಡು. ಭಾನು ತಲೆ ಕೆಡಿಸಿಕೊಂಡರು. ಆ ಕಾರಿನಲ್ಲಿ ಡಬ್ಬ ಇರುವುದು ಒಳಗೆ, ಎಡಗಡೆ ಕೂರುವವರ ಮೊಣಕಾಲಿನ ಎದುರಿಗೆ, ಡ್ಯಾಶ್‌ಬೋರ್ಡಿನ ಕೆಳಗೆ. ಮಳೆಯೇ ಇಲ್ಲದ ತಿಂಗಳು. ಕಾರನ್ನು ತೊಳೆಯುವುದೂ ಇಲ್ಲ, ಒರೆಸುತ್ತೇನೆ ಅಷ್ಟೆ ಎಂದಿದ್ದರು ಪುಟ್ಟಮಲ್ಲಪ್ಪ. ಮತ್ತೆ ನೀರು ಎಲ್ಲಿಂದ ಬಂತು?

ಉತ್ತರ ಸಿಗದೆಯೇ ಎರಡನೇ ಸಲವೂ ತೊಳೆದು ಕಳಿಸಿದರು. ಮೂರನೇ ಸಲ ಪುಟ್ಟಮಲ್ಲಪ್ಪ ಬಂದಾಗ ಡಬ್ಬ ತಂದಿರಲಿಲ್ಲ, ಸಿಟ್ಟು ತಂದಿದ್ದರು. ಅವತ್ತು ಕಾರು ದಾರಿಯಲ್ಲಿ ನಿಂತು ಆಸ್ಪತ್ರೆ ತಲುಪುವುದು ತಡವಾಗಿತ್ತು. ಬೆಡ್ಡು ಬೇರೆಯವರಿಗೆ ಹೋಗಿ, ಸರದಿ ಮಧ್ಯಾಹ್ನಕ್ಕೆ ಬಿದ್ದಿತ್ತು. ಅಷ್ಟರಲ್ಲಿ ಪುಟ್ಟಮಲ್ಲಮ್ಮನ ಕಾಲು ಊದಿಕೊಂಡು, ಮಾತಾಡಲೂ ಉಸಿರು ಸಾಲದಂತಾಗಿತ್ತು.

"ನಿಮ್ ಮೈಸೂರವ್ರು ಡಬ್ಬ ಚೆನ್ನಾಗದ ಅಂದ್ರಲ್ಲ, ಸ್ವಾಮಿ. ಅವ್ರ ಮಾತು ನಂಬ್ಕೊಂಡು ನಾನು ಅವ್ಳ ಕೂರುಸ್ಕೊಂಡೋದೆ. ರಸ್ತೆ ಮಧ್ಯದಲ್ಲಿ ಅವ್ಳು ಬಾಯ್ ಬಾಯ್ ಬುಡ್ತಿದ್ರ ನಾನು ಕೀ ತಿರುಗಿಸ್ತಾ ಕೂತಿದ್ದೆ. ಯಾರವ್ರು? ಫೋನ್ ನಂಬರಾರ ಕೊಡಿ, ನಾನೇ ಕೇಳ್ತಿನಿ," ಎಂದು ಪುಟ್ಟಮಲ್ಲಪ್ಪ ಅಂಗಡಿಯಲ್ಲಿ ನಿಂತು ಹೇಳುತ್ತಿದ್ದರು. ಕೊನೆಕೊನೆಗೆ ಆ ಧ್ವನಿಯಲ್ಲಿ ಸಿಟ್ಟು ಉಳಿದಿರಲಿಲ್ಲ, ಅಳು ಬಂದಿತ್ತು.

ಮಲ್ಲಿಕಾರ್ಜುನಸ್ವಾಮಿ ತಲೆ ತಗ್ಗಿಸಿ ನಿಂತಿದ್ದರು. ಪರದೆ ಸರಿಯಿತು.

"ಮೈಸೂರವ್ರಲ್ಲ ಯಜಮಾನ್ರೇ. ಆ ಡಬ್ಬ ನೋಡಿದ್ದು ನಾನೇಯ," ಎಂದರು ಭಾನು. "ಚೆನ್ನಾಗದ ಅಂದೋಳೂ ನಾನೇಯ. ಈಗ್ಲೂ ಅದೇ ಅಂತಿನಿ. ಆದ್ರ ನಾನು ಡಬ್ಬ ನೋಡಿವ್ನಿ, ಗಾಡಿ ನೋಡಿಲ್ಲ. ಒಂದಿನ ನಿಮ್ ಜೊತ್ಗ ಆಸ್ಪತ್ರಗ ಬತ್ತಿನಿ. ಕೂರುಸ್ಕೊಂಡೋಗಿ."

ಪುಟ್ಟಮಲ್ಲಪ್ಪ ಆಕೆಯನ್ನೂ, ಆಕೆಯ ಬೆರಳುಗಳ ಮೇಲಿನ ಸುಟ್ಟ ಕಲೆಗಳನ್ನೂ ನೋಡಿದರು. ಆಮೇಲೆ, "ನಾಡಿದ್ದು ಬೆಳಿಗ್ಗೆ ಬೇಗ ಬುಡ್ತಿವಿ ಕಣವ್ವ. ಬಂದ್ಬುಡು," ಎಂದರು.

ಮರುದಿನವಲ್ಲ, ಅದರ ಮರುದಿನ, ಬೆಳಕು ಹರಿಯುವ ಮುಂಚೆ ಮಲ್ಲಿಕಾರ್ಜುನಸ್ವಾಮಿ ಹೆಂಡತಿಯನ್ನು ಸ್ಕೂಟರಿನಲ್ಲಿ ತೆರಕಣಾಂಬಿಗೆ ಬಿಟ್ಟು ಬಂದರು. ಅಷ್ಟೊಂದು ಕಾರುಗಳ ಮಿದುಳನ್ನು ಕೈಯಲ್ಲಿ ಹಿಡಿದ ಹೆಂಗಸು ಕಾರಿನಲ್ಲಿ ಕೂತದ್ದು ಅಪರೂಪ. "ಬಾಗ್ಲು ಹೆಂಗ ತಗಿಯದು ಅಂತ ಒಂದ್ಗಳಿಗ ತಡಬಡಾಯಿಸ್ಬುಟ್ಟೆ," ಎಂದು ಈಗಲೂ ನಾಚಿಕೊಳ್ಳುತ್ತಾರೆ. ಪುಟ್ಟಮಲ್ಲಮ್ಮ ಮುಂದೆ ಎಡಕ್ಕೆ, ಭಾನು ಹಿಂದೆ, ತೊಡೆಯ ಮೇಲೆ ಸ್ಕ್ಯಾನರ್. ಅದರ ವೈರು ಸೀಟುಗಳ ನಡುವೆ ಹಾದು ಸ್ಟೀರಿಂಗಿನ ಕೆಳಗೆ ಸಿಕ್ಕಿಸಿತ್ತು. ಕಾರು ಹೊರಟಿತು. ಸ್ಕ್ಯಾನರಿನ ಅಂಕಿಗಳು ಒಂದಿಷ್ಟೂ ಅಲುಗಲಿಲ್ಲ.

ಊರು ದಾಟಿದ ಮೇಲೆ ರಸ್ತೆಯ ಪಕ್ಕದ ಮಾದೇಶ್ವರನ ಗುಡಿಯ ಮುಂದೆ ಪುಟ್ಟಮಲ್ಲಪ್ಪ ಕಾರು ನಿಲ್ಲಿಸಿದರು. ಆಸ್ಪತ್ರೆಗೆ ಹೋಗುವ ದಿನ ಅಲ್ಲಿ ಇಳಿಯುವುದು ಅವರ ರೂಢಿ. ಪೂಜಾರಿ ಶಿವರುದ್ರಸ್ವಾಮಿ ಇವರಿಗಾಗಿಯೇ ಬೇಗ ಬಾಗಿಲು ತೆಗೆಯುತ್ತಾರೆ. ಭಾನು ಕಾರಿನಲ್ಲಿಯೇ ಉಳಿದರು. ಗಂಡ ಹೆಂಡತಿ ಕೈ ಹಿಡಿದುಕೊಂಡು ನಿಧಾನಕ್ಕೆ ವಾಪಸು ಬಂದಾಗ ಪುಟ್ಟಮಲ್ಲಮ್ಮನ ಕೈಯಲ್ಲಿ ಪುಟ್ಟದೊಂದು ಚೊಂಬಿತ್ತು. ಸೀಟಿನಲ್ಲಿ ಕೂತು, ಚೊಂಬಿನೊಳಗೆ ಬೆರಳದ್ದಿ ಎರಡು ಕಣ್ಣಿಗೂ ಒತ್ತಿಕೊಂಡು, ಉಳಿದ ತೀರ್ಥವನ್ನೆಲ್ಲ ಡ್ಯಾಶ್‌ಬೋರ್ಡಿನ ಮೇಲೆ, ಗಾಜಿನ ಬುಡಕ್ಕೆ, ತಣ್ಣಗೆ ಸುರಿದರು. "ನೀನೇ ಕಾಯಪ್ಪ," ಎಂದರು.

ಹಿಂದೆ ತಿರುಗಿ, ಬೆಪ್ಪಾಗಿ ನೋಡುತ್ತಿದ್ದ ಭಾನುವಿಗೆ ಹೇಳಿದರು, "ನಂಗ ನೀರು ಅಳತೆ ಕಣವ್ವ. ದಿನಕ್ಕ ಇಷ್ಟೇ ಅಂತ ಡಾಕುಟ್ರು ಏಳವ್ರ. ತೀರ್ಥ ಕುಡ್ದುಬುಟ್ರ ಆಮೇಲೆ ಮಾತ್ರ ನುಂಗಕ್ಕ ನೀರಿರಲ್ಲ. ಚೆಲ್ಲಕಾಯ್ತದ? ಇದಾರ ಕುಡೀಲಿ ಅಂತ ಹುಯ್ತಿನಿ. ಪಾಪ, ಇದೂ ನನ್ ಜೊತ್ಗ ಓಡಾಡ್ತದಲ್ಲ."

"ನೀವಾರ ಕುಡಿಬೌದಲ್ಲ ಯಜಮಾನ್ರೇ?" ಎಂದು ಭಾನು ಕೇಳಿದರು.

ಪುಟ್ಟಮಲ್ಲಪ್ಪ ಕೀ ತಿರುಗಿಸುತ್ತಾ, "ಅವ್ಳ ಮುಂದ ನಾನೆಂಗವ್ವ ಕುಡಿಯದು?" ಎಂದರು. ಆ ಚೊಂಬಿನಲ್ಲಿ ಅವರ ಪಾಲೂ ಇತ್ತು.

ಭಾನು ಅವರ ಕಣ್ಣು ಸ್ಕ್ಯಾನರಿನ ಮೇಲಿತ್ತು, ಕಿವಿ ಎಂಜಿನ್ನಿನ ಮೇಲೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಒಂದು ಅಂಕಿ ನಡುಗಿತು, ಆಮೇಲೆ ಇನ್ನೊಂದು. ಎಂಜಿನ್ ಲೈಟು ಹತ್ತಿತು. ಅರಿಶಿನದ ಹೊಲವೊಂದರ ಪಕ್ಕ ಕಾರು ಕೆಮ್ಮಿ ನಿಂತಿತು. ಪುಟ್ಟಮಲ್ಲಮ್ಮ ಕಣ್ಣು ಮುಚ್ಚಿಕೊಂಡರು. ಪುಟ್ಟಮಲ್ಲಪ್ಪ ಮತ್ತೆ ಮತ್ತೆ ಕೀ ತಿರುಗಿಸತೊಡಗಿದರು.

ಭಾನು ಇಳಿದು ಮುಂದಿನ ಬಾಗಿಲು ತೆಗೆದು, ಪುಟ್ಟಮಲ್ಲಮ್ಮನ ಕಾಲುಗಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ನೆಲಕ್ಕೆ ಮೊಣಕಾಲೂರಿದರು. ಡ್ಯಾಶ್‌ಬೋರ್ಡಿನ ಕೆಳಗೆ ಟಾರ್ಚು ಬಿಟ್ಟರು. ಗಾಜಿಗೆ ಗಾಳಿ ಹೊತ್ತೊಯ್ಯುವ ಪ್ಲಾಸ್ಟಿಕ್ ಕೊಳವೆ ಹಳತಾಗಿ ಸೀಳಿತ್ತು. ಆ ಸೀಳಿನ ತುದಿಯಲ್ಲಿ ಒಂದು ಹನಿ ತೂಗುತ್ತಿತ್ತು. ಅದರ ನೇರ ಕೆಳಗೆ ಡಬ್ಬದ ಕಪ್ಲರ್. ಬೆರಳಿಗೆ ತಾಗಿಸಿಕೊಂಡು ಮೂಸಿದರು. ವಿಭೂತಿ, ಬಿಲ್ವಪತ್ರೆ, ಸ್ವಲ್ಪ ಕರ್ಪೂರ.

"ಆಗ ನಂಗ ಅಳು ಬಂದ್ಬುಡ್ತು," ಎನ್ನುತ್ತಾರೆ ಭಾನು. "ಎಲ್ಲಾರೂ ಒಳ್ಳೇದ್ನೇ ಮಾಡವ್ರ. ಆಯಮ್ಮ ಒಳ್ಳೇದಕ್ಕೇ ಹುಯ್ದವ್ಳ, ಯಜಮಾನ್ರು ಒಳ್ಳೇದಕ್ಕೇ ಕುಡಿದಿಲ್ಲ. ಡಬ್ಬದ್ದಾರ ಏನು ತಪ್ಪು?"

ಬ್ಯಾಟರಿಯ ವೈರು ಕಳಚಿ, ಕಪ್ಲರ್ ಬಿಡಿಸಿ, ಸೆರಗಿನಿಂದ ಒತ್ತಿ ಒತ್ತಿ ಒರೆಸಿ, ಬಾಯಿಂದ ಊದಿ ಊದಿ ಒಣಗಿಸಿ ಮತ್ತೆ ಕೂರಿಸಿದರು. ಕಾರು ಹೊರಟಿತು. ಆಸ್ಪತ್ರೆಯಲ್ಲಿ ಅವತ್ತು ಬೆಡ್ಡು ತಪ್ಪಲಿಲ್ಲ.

ಪುಟ್ಟಮಲ್ಲಮ್ಮ ಒಳಗೆ ಮಲಗಿದ್ದಾಗ, ಹೊರಗೆ ಹೊಂಗೆಮರದ ನೆರಳಲ್ಲಿ ಭಾನು ವಿಷಯ ಹೇಳಿದರು. ಪುಟ್ಟಮಲ್ಲಪ್ಪ ಕಾರಿಗೆ ಒರಗಿ ನಿಂತಿದ್ದವರು ಹಾಗೆಯೇ ಕುಕ್ಕರಿಸಿ ಕೂತುಬಿಟ್ಟರು. "ಅವ್ಳಿಗ ಏಳ್ಬ್ಯಾಡ ಕಣವ್ವ. ಈ ಕಾಯ್ಲೆ ಬಂದ ಮ್ಯಾಲ ಎಲ್ಲಾನೂ ಬ್ಯಾರೇವ್ರ ಕೈಲಿ ಈಸ್ಕಳದೇ ಆಗೋಯ್ತು ಅಂತ ಕೊರಗ್ತಳ. ಅವ್ಳು ಕೊಡದು ಅಂತ ಇರದು ಅದೊಂದು ಚೊಂಬು ನೀರು," ಎಂದರು.

"ನಿಲ್ಸದು ಬ್ಯಾಡ ಬುಡಿ ಯಜಮಾನ್ರೇ. ಅಮ್ಮ ಹುಯ್ಲಿ. ಡಬ್ಬಕ್ಕ ಒಂದು ಕೊಡೆ ಮಾಡ್ತಿನಿ," ಎಂದರು ಭಾನು.

ಮಾಡಿದ್ದು ಹೀಗೆ. ಹಳೆಯ ಸ್ಕೂಟರ್ ಸೀಟಿನ ರೆಕ್ಸಿನ್ ಕತ್ತರಿಸಿ, ಗೂಡಿನ ಮೇಲಿನ ಸೂರಿನ ಹಾಗೆ ಎರಡು ಕಡೆಗೂ ಇಳಿಜಾರು ಬರುವಂತೆ ಹೊಲಿದರು. ಸೂಜಿ ತೂತುಗಳಿಗೆ ಗೋಂದು ತುಂಬಿದರು. ಕೊಳವೆಯ ಸೀಳನ್ನು ಮುಚ್ಚಿದರು. ಆದರೂ ಎಲ್ಲಾದರೂ ನೀರು ನುಸುಳಿದರೆ, ಸೂರಿನ ತುದಿಯಿಂದ ಒಂದು ಸಣ್ಣ ಟ್ಯೂಬು ಅದನ್ನು ಕಾರಿನ ತಳದ ತೂತಿಗೆ, ಅಲ್ಲಿಂದ ನೆಲಕ್ಕೆ ಮುಟ್ಟಿಸುವಂತೆ ಇಟ್ಟರು. ಕಂಪನಿಯ ಯಾವ ಪುಸ್ತಕದಲ್ಲೂ ಇಂಥದ್ದೊಂದು ಸಾಮಾನಿನ ಹೆಸರು ಸಿಗಲಾರದು.

ಅದನ್ನು ಕೂರಿಸಲು ಪುಟ್ಟಮಲ್ಲಪ್ಪ ಕಾರು ತಂದ ದಿನ, ಮುಂದಿನ ಸೀಟಿನಿಂದ ಪುಟ್ಟಮಲ್ಲಮ್ಮನೂ ಇಳಿದರು. ಮೈಸೂರಿನ ಕತೆ ಆಕೆಯ ಕಿವಿಗೆ ಬಿದ್ದಿತ್ತು. "ಕಾರಿಗ ತೋರ್ಸಿ ನಂಗ ತೋರ್ಸದಿದ್ರ ಹೆಂಗ? ಎಲ್ಲವ್ವ ನಿನ್ ಮೈಸೂರು?" ಎನ್ನುತ್ತಾ ಪರದೆ ಎತ್ತಿ ಒಳಗೆ ಬಂದೇಬಿಟ್ಟರು. ಹಲಗೆಯ ಮೇಲಿನ ಡಬ್ಬಗಳನ್ನು ನೋಡಿದರು, ಭೂತಗನ್ನಡಿಯಲ್ಲಿ ತಮ್ಮದೇ ಅಂಗೈ ನೋಡಿಕೊಂಡರು. ಆಮೇಲೆ ಮೇಜಿನ ಮೇಲಿದ್ದ ರೆಕ್ಸಿನ್ ಕೊಡೆಯನ್ನು ಎತ್ತಿ, "ಇದ್ಯಾಕವ್ವ?" ಎಂದು ಕೇಳಿದರು.

ಪುಟ್ಟಮಲ್ಲಪ್ಪ ಹಿಂದಿನಿಂದ ಬೇಡ ಬೇಡ ಎಂದು ಕೈಸನ್ನೆ ಮಾಡುತ್ತಿದ್ದರು. ಭಾನುವಿಗೆ ಅದು ಕಂಡಿತು. ಆದರೆ ಇಷ್ಟು ವರ್ಷದ ಒಂದು ಸುಳ್ಳಿನಿಂದ ಈಗಷ್ಟೇ ಹೊರಗೆ ಬಂದಿದ್ದ ಅವರಿಗೆ ಇನ್ನೊಂದು ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಡಬ್ಬಕ್ಕ ನೀರು ಬಿದ್ರ ಉಸ್ರು ಕಟ್ತದ ಅಮ್ಮಾ. ಅದ್ಕೂ ನೀರು ಅಳತೆ," ಎಂದುಬಿಟ್ಟರು.

ಪುಟ್ಟಮಲ್ಲಮ್ಮ ಕೊಡೆಯನ್ನು ತಿರುಗಿಸಿ ನೋಡಿದರು. ಪುಟ್ಟಮಲ್ಲಪ್ಪ ಕಣ್ಣು ಮುಚ್ಚಿಕೊಂಡರು. ಆಮೇಲೆ ಆ ಪುಟ್ಟ ಕೋಣೆಯಲ್ಲಿ ನಗು ಎದ್ದಿತು. "ಅಂಗಾರ ಅದೂ ನನ್ ಜಾಡ್ಯದ್ದೇಯ! ಅಯ್ಯೋ ಸಿವ್ನೆ, ಬ್ಯಾಡ ಬ್ಯಾಡ ಅಂದ್ರೂ ನಾನು ಅದ್ರ ಬಾಯ್ಗ ಹುಯ್ದು ಹುಯ್ದು ಸಾಯಿಸ್ತಿದ್ನಲ್ಲವ್ವ," ಎಂದು ಪುಟ್ಟಮಲ್ಲಮ್ಮ ನಕ್ಕರು, ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. ಹೆಂಡತಿ ಹಾಗೆ ನಕ್ಕದ್ದನ್ನು ಕಂಡು ಬಹಳ ಕಾಲವಾಗಿತ್ತು ಎಂದು ಪುಟ್ಟಮಲ್ಲಪ್ಪ ಆಮೇಲೆ ಮಲ್ಲಿಕಾರ್ಜುನಸ್ವಾಮಿಗೆ ಹೇಳಿದರಂತೆ. ಈಗಲೂ ತೀರ್ಥ ಸುರಿಯುವುದನ್ನು ಆಕೆ ಬಿಟ್ಟಿಲ್ಲ. ಕೊಡೆಯಿದೆಯಲ್ಲ. ಆದರೆ ಅರ್ಧ ಚೊಂಬು ಮಾತ್ರ, ಅದಕ್ಕೂ ಅಳತೆ. ಕಾರು ಅಲ್ಲಿಂದೀಚೆಗೆ ದಾರಿಯಲ್ಲಿ ನಿಂತಿಲ್ಲ.

ಹೂವಿನ ಪರದೆಯನ್ನು ಮಲ್ಲಿಕಾರ್ಜುನಸ್ವಾಮಿ ಮಡಿಸಿ ಮೇಲಿಟ್ಟಿದ್ದಾರೆ. ಈಗ ಗಿರಾಕಿಗಳು ಸೀದಾ ಒಳಗೆ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ, ಕೇರಳದ ಡ್ರೈವರುಗಳು ತಮ್ಮ ಭಾಷೆಯಲ್ಲಿ "ಚೇಚಿ", ಅಂದರೆ ಅಕ್ಕ, ಎಂದು ಕರೆಯುತ್ತಾರೆ. ಒಬ್ಬಿಬ್ಬರು ಹೆಂಗಸಿನ ಕೆಲಸ ಎಂದು ತಿಳಿದು ಡಬ್ಬ ಎತ್ತಿಕೊಂಡು ಹೋದದ್ದೂ ಉಂಟು. ಭಾನುವಿಗೆ ಅದರ ಬೇಜಾರು ಅಷ್ಟಾಗಿ ಇಲ್ಲ. ಇನ್ನೇನು ಬೇಕು ಎಂದು ಕೇಳಿದರೆ, "ರಸ್ತೆ ಕಡೀಕ ಒಂದು ಕಿಟಕಿ ಮಡಗುಸ್ಬೇಕು. ನಾನು ಮುಟ್ಟಿದ್ ಡಬ್ಬ ಯಾವ ಗಾಡಿಲಿ ಕೂತ್ಕೊಂಡು ಹೋಯ್ತದ ಅಂತ ನೋಡಾಸೆ," ಎನ್ನುತ್ತಾರೆ.

ಕೇರಳದ ಡಬ್ಬದ ಬಿರುಕಿಗೆ ಬೆಸುಗೆ ಬಿದ್ದಿದೆ. ಮುಚ್ಚಳ ಕೂರಿಸಿ, ಗೋಂದು ಒಣಗಲು ಬಿಟ್ಟು ಭಾನು ಕಾಫಿಗೆ ಏಳುತ್ತಾರೆ. ಅಡುಗೆಮನೆಯ ಹಲಗೆಯ ಮೇಲೆ ಸ್ಟೀಲ್ ಲೋಟಗಳು ಮಗುಚಿಟ್ಟಿವೆ. ಅವನ್ನು ನೋಡಿ ಭಾನು ಆ ದಿನದ ಇನ್ನೊಂದು ಮಾತು ಹೇಳುತ್ತಾರೆ.

ನಗು ಮುಗಿದ ಮೇಲೆ ಪುಟ್ಟಮಲ್ಲಮ್ಮ ಕುರ್ಚಿಯಲ್ಲಿ ಕೂತರು. ಮನೆಗೆ ಬಂದವರಿಗೆ ಮೊದಲು ನೀರು ಕೊಡಬೇಕು. ಮೂಗಮ್ಮ ಬಾಗಿಲ ಸಂದಿಯಲ್ಲಿ ನಿಂತೇ ಇದ್ದರು, ಕೊಡಲೂ ಹಿಂಜರಿಕೆ, ಕೊಡದಿರಲೂ ಸಂಕೋಚ. ಆಕೆಗೆ ನೀರು ಅಳತೆ ಎಂಬುದು ಒಂದು. ಯಾರ ಮನೆಯಲ್ಲಿ ಯಾರು ನೀರು ಕುಡಿಯುತ್ತಾರೆ ಎಂದು ಈ ಕಡೆಯ ಜನ ಇಂದಿಗೂ ಗಮನಿಸುತ್ತಾರೆ ಎಂಬುದು ಇನ್ನೊಂದು. ಪುಟ್ಟಮಲ್ಲಮ್ಮ ತಾವಾಗಿಯೇ ತಿರುಗಿ, "ಇವತ್ತಿನ ನೀರಲ್ಲಿ ಅರ್ಧ ಲೋಟ ಉಳುಸ್ಕೊಂಡು ಬಂದಿವ್ನಿ ಕಣವ್ವ, ಇಲ್ಲೇ ಕುಡಿಯವ ಅಂತ. ಕೊಡು," ಎಂದರು. ಮೂಗಮ್ಮ ತಂದುಕೊಟ್ಟರು. ಆಕೆ ಗುಟುಕು ಗುಟುಕಾಗಿ, ಒಂದು ಹನಿಯನ್ನೂ ಬಿಡದೆ ಕುಡಿದರು. ಅದನ್ನು ನೋಡುತ್ತಾ ನಿಂತಿದ್ದ ಪುಟ್ಟಮಲ್ಲಪ್ಪ, "ನಂಗೂ ಒಂದ್ಲೋಟ ಕೊಡವ್ವ, ಬಾಯಾರದ," ಎಂದು ಕೈ ನೀಡಿದರು.

ಅವರು ಹೋದ ಮೇಲೆ ಮೂಗಮ್ಮ ಪುಟ್ಟಮಲ್ಲಮ್ಮ ಕುಡಿದ ಲೋಟವನ್ನು ತೊಳೆದು, ಒರೆಸಿ, ದೇವರ ಗೂಡಿನಲ್ಲಿ ಬೇರೆಯಾಗಿ ಇಟ್ಟಿದ್ದರು. ಭಾನು ಅದನ್ನು ತಂದು ಹಲಗೆಯ ಮೇಲೆ ಉಳಿದ ಲೋಟಗಳ ನಡುವೆ ಮಗುಚಿಟ್ಟರು.

"ಬ್ಯಾರೆ ಲೋಟ ಯಾಕತ್ತೆ?" ಎಂದರಂತೆ. "ನಮ್ಮಪ್ಪಂಗ ಮಡಗ್ತಿದ್ದದ್ದೇ ಸಾಕು. ಎಲ್ಲದ್ರ ಜೊತ್ಗ ಇರ್ಲಿ ಬುಡಿ."